ನಿರುದ್ಧವನ್ನು ತಿಳಿಸಿದ ಮಹಾವೀರಾಚಾರ್ಯರು

ವೇದಾವತಿಯ ಸೀಮೆಯಾದ ಪರಶುರಾಂಪುರದ ಕಡೆಯ ಒಂದು ಶ್ರಾವಕ ಕುಟುಂಬದಲ್ಲಿ ಚಾತುರ್ಮಾಸದ ದಿನಗಳಲ್ಲಿ ನಡೆದ ಒಂದು ವಿಚಾರವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಆ ಮನೆಯಲ್ಲಿ ಮೂವರು ಒಂದೇ ದಿನ ಉಪವಾಸವನ್ನು ಆರಂಭಿಸಬೇಕೆಂದು ನಿಶ್ಚಯಿಸಿದ್ದರು. ಎಪ್ಪತ್ತು ದಾಟಿದ ಅಜ್ಜಿ ಮೂರು ಉಪವಾಸ, ಒಂದು ಪಾರಣೆ ಎಂಬ ಕ್ರಮವನ್ನು ಹಿಡಿದರು. ಸೊಸೆ ಎರಡು ಉಪವಾಸ, ಒಂದು ಪಾರಣೆ ಎಂದಳು. ಮೊಮ್ಮಗನದು ಏಕಾಂತರ, ಒಂದು ದಿನ ಉಪವಾಸ, ಮರುದಿನ ಪಾರಣೆ. ಮೂವರ ಪಾರಣೆಯೂ ಒಂದೇ ದಿನ ಕೂಡಿ ಬರುವವರೆಗೆ ವ್ರತವನ್ನು ನಡೆಸಿ, ಆ ದಿನ ಒಂದೇ ಪಂಕ್ತಿಯಲ್ಲಿ ಕುಳಿತು ಸಮಾಪ್ತಿ ಮಾಡಬೇಕೆಂಬುದು ಅಜ್ಜಿಯ ಆಸೆ. ಸಂಕಲ್ಪ ಮಾಡುವಾಗ ದಿನಗಳ ಸಂಖ್ಯೆಯನ್ನು ಹೇಳಲೇಬೇಕಷ್ಟೆ. ಓದಿದ ಮಗನು ಎರಡು, ಮೂರು, ನಾಲ್ಕುಗಳನ್ನು ಒಂದಕ್ಕೊಂದು ಗುಣಿಸಿ ಇಪ್ಪತ್ತನಾಲ್ಕು ದಿನಗಳೆಂದನು. ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. ಹುಣಸೆಯ ಬೀಜಗಳನ್ನು ನೆಲದ ಮೇಲೆ ಮೂರು ಸಾಲಾಗಿ ಜೋಡಿಸಿ ನೋಡಿ, ಹನ್ನೆರಡನೆಯ ದಿನವೇ ಮೂವರಿಗೂ ಪಾರಣೆ ಎಂದು ತೋರಿಸಿದರು.

ಇಪ್ಪತ್ತನಾಲ್ಕು ದಿನಗಳಾದರೆ ಅಜ್ಜಿಗೆ ಹದಿನೆಂಟು ಉಪವಾಸಗಳು, ಹನ್ನೆರಡಾದರೆ ಒಂಬತ್ತು. ಆ ವಯಸ್ಸಿನ ದೇಹಕ್ಕೆ ಈ ಅಂತರವು ಸಾಮಾನ್ಯವಾದುದಲ್ಲ. ಶಕ್ತಿಯನ್ನು ಮೀರಿ ಸಂಕಲ್ಪಿಸಿ ನಡುವೆ ಬಿಟ್ಟರೆ ವ್ರತಭಂಗ. ಹಿಡಿದೇ ನಡೆದರೆ ಆರೋಗ್ಯಕ್ಕೆ ಹಾನಿ. ಮಗನ ಲೆಕ್ಕವು ಪೂರ್ತಿ ತಪ್ಪಲ್ಲ, ಇಪ್ಪತ್ತನಾಲ್ಕನೆಯ ದಿನವೂ ಮೂವರ ಪಾರಣೆ ಕೂಡುತ್ತದೆ. ಆದರೆ ಅದು ಕೂಡುವ ಮೊದಲನೆಯ ದಿನವಲ್ಲ. ಆ ಮೊದಲನೆಯ ದಿನವನ್ನು ಬೀಜಗಳಿಲ್ಲದೆ ಕಂಡುಹಿಡಿಯುವ ಮಾರ್ಗವನ್ನು ಸುಮಾರು 1170 ವರ್ಷಗಳ ಹಿಂದೆಯೇ ನಮ್ಮ ಕನ್ನಡನಾಡನ್ನು ಆಳಿದ ಅರಸನ ಆಶ್ರಯದಲ್ಲಿ ಒಬ್ಬ ಜೈನಾಚಾರ್ಯರು ಸೂತ್ರರೂಪವಾಗಿ ಬರೆದಿಟ್ಟಿದ್ದಾರೆ. ಅವರೇ ಗಣಿತಸಾರಸಂಗ್ರಹದ ಕರ್ತೃಗಳಾದ ಮಹಾವೀರಾಚಾರ್ಯರು.

ಹೆಸರನ್ನು ಕೇಳಿದೊಡನೆ ಇಪ್ಪತ್ತನಾಲ್ಕನೆಯ ತೀರ್ಥಂಕರರನ್ನು ನೆನೆಯುವುದು ನಮ್ಮ ಸ್ವಭಾವ. ಆಚಾರ್ಯರಾದರೋ ಭಗವಾನರ ನಿರ್ವಾಣಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಬಾಳಿದವರು. ತಮ್ಮ ಗ್ರಂಥದ ಮೊದಲಿನಲ್ಲಿ ಅವರು ವರ್ಧಮಾನ ಜಿನೇಂದ್ರನಿಗೆ ನಮಸ್ಕರಿಸಿ, ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನು ಬೆಳಗಿದವನು ಆತನೆಂದು ಸ್ತುತಿಸುತ್ತಾರೆ. ಅನಂತರದ ಪದ್ಯಗಳು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಂಸೆಗೆ ಮೀಸಲಾಗಿವೆ. ಆಚಾರ್ಯರು ಆತನ ಯುದ್ಧಗಳನ್ನು ಹೊಗಳುವುದಕ್ಕಿಂತ, ಧ್ಯಾನಾಗ್ನಿಯಲ್ಲಿ ಪಾಪಗಳೆಂಬ ಶತ್ರುಗಳನ್ನು ದಹಿಸಿದವನೆಂದೂ ಸ್ಯಾದ್ವಾದ ನ್ಯಾಯವನ್ನು ಅನುಸರಿಸುವವನೆಂದೂ ಹೊಗಳುತ್ತಾರೆ. ತಮ್ಮ ಊರು, ತಂದೆತಾಯಿ, ಗುರುಗಳ ಹೆಸರು ಇವುಗಳನ್ನು ಕುರಿತು ಅವರು ಒಂದು ಮಾತನ್ನೂ ಬರೆದಿಲ್ಲ. ರಚನೆಯ ವರ್ಷವನ್ನೂ ನಮೂದಿಸಿಲ್ಲ. ಈ ರಾಜಸ್ತುತಿಯ ಆಧಾರದಿಂದಲೇ ವಿದ್ವಾಂಸರು ಗ್ರಂಥದ ಕಾಲವನ್ನು ಕ್ರಿ.ಶ. 850ರ ಸುಮಾರು ಎಂದು ಗೊತ್ತುಮಾಡಿದ್ದಾರೆ. ಚರಿತ್ರೆಯನ್ನು ಬರೆಯಹೊರಟವನಿಗೆ ಇದು ಕಷ್ಟವೇ. ಆದರೂ ಮನುಷ್ಯನ ಸ್ವಭಾವವು ಅವನು ಹಾಕಿದ ಲೆಕ್ಕಗಳಲ್ಲಿಯೂ ಕಾಣುತ್ತದೆಂಬುದು ಈ ಗ್ರಂಥವನ್ನು ಓದಿದವರ ಅನುಭವ.

ಅಮೋಘವರ್ಷನು 814ರಲ್ಲಿ ಬಾಲಕನಾಗಿಯೇ ಪಟ್ಟಕ್ಕೆ ಬಂದು, 878ರವರೆಗೆ, ಅಂದರೆ ಸುಮಾರು ಅರವತ್ತನಾಲ್ಕು ವರ್ಷ ಆಳಿದನು. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅವನ ರಾಜಧಾನಿಯಾದ ಮಾನ್ಯಖೇಟ. ಆ ಕಾಲವು ದಿಗಂಬರ ವಾಙ್ಮಯದ ಸುವರ್ಣಕಾಲವೆಂದರೆ ಅತಿಶಯೋಕ್ತಿಯಾಗದು. ಅವನು ಪಟ್ಟಕ್ಕೆ ಬಂದ ಎರಡೇ ವರ್ಷಗಳಲ್ಲಿ, 816ರಲ್ಲಿ, ವೀರಸೇನಾಚಾರ್ಯರ ಧವಲಾ ಟೀಕೆಯು ಪೂರ್ಣಗೊಂಡಿತು. ಅವರು ಆರಂಭಿಸಿದ ಜಯಧವಲೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು 837ರಲ್ಲಿ ಮುಗಿಸಿದರು. ಆದಿಪುರಾಣವನ್ನು ರಚಿಸಿದವರೂ, ಅರಸನು ಗುರುವೆಂದು ಗೌರವಿಸಿದವರೂ ಇವರೇ. ವೈಯಾಕರಣ ಶಾಕಟಾಯನರು ತಮ್ಮ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನಿಟ್ಟು ಅಮೋಘವೃತ್ತಿಯೆಂದರು. ಶ್ರೀವಿಜಯನ ಕವಿರಾಜಮಾರ್ಗವು ಹುಟ್ಟಿದ್ದೂ ಈ ಆಸ್ಥಾನದಲ್ಲಿಯೇ. ಸಿದ್ಧಾಂತ, ಪುರಾಣ, ವ್ಯಾಕರಣ, ಅಲಂಕಾರ ಎಲ್ಲವೂ ಬೆಳೆಯುತ್ತಿದ್ದ ಆ ಪರಿಸರದಲ್ಲಿ ಲೆಕ್ಕವನ್ನೇ ಸ್ವತಂತ್ರ ಶಾಸ್ತ್ರವನ್ನಾಗಿ ಎತ್ತಿಕೊಂಡವರು ಮಹಾವೀರಾಚಾರ್ಯರು. ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗಣಿತವನ್ನು ಜ್ಯೋತಿಷಗ್ರಂಥದ ಅಧ್ಯಾಯಗಳಾಗಿ ಬರೆದಿದ್ದರು. ಇವರದು ಒಂಬತ್ತು ಅಧಿಕಾರಗಳ, ಸಾವಿರದ ನೂರಕ್ಕೂ ಮಿಕ್ಕಿದ ಪದ್ಯಗಳ, ಮೊದಲಿನಿಂದ ಕೊನೆಯವರೆಗೆ ಗಣಿತವೇ ಆದ ಸಂಸ್ಕೃತ ಗ್ರಂಥ.

ಲೌಕಿಕ, ವೈದಿಕ, ಸಾಮಯಿಕ ಎಂಬ ಯಾವ ವ್ಯಾಪಾರವೂ ಸಂಖ್ಯೆಯನ್ನು ಬಿಟ್ಟು ನಡೆಯದೆಂದು ಆಚಾರ್ಯರು ಗ್ರಂಥದ ಆರಂಭದಲ್ಲಿ ವಿಸ್ತಾರವಾಗಿ ಹೇಳುತ್ತಾರೆ. ಸಂಗೀತ, ನಾಟ್ಯ, ಅಡಿಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣಗಳಿಂದ ಹಿಡಿದು ಗ್ರಹಗಳ ಚಲನೆ, ದ್ವೀಪಸಮುದ್ರಗಳ ಪ್ರಮಾಣ, ಜೀವಿಗಳ ಆಯುಷ್ಯದವರೆಗೆ ಎಲ್ಲವನ್ನೂ ಎಣಿಸುತ್ತಾ ಹೋಗುತ್ತಾರೆ. ಅಡಿಗೆಯನ್ನು ಮರೆಯದ ಶಾಸ್ತ್ರಕಾರರೆಂಬುದನ್ನು ನಮ್ಮ ಗೃಹಿಣಿಯರು ಗಮನಿಸಬೇಕು. ಮೊದಲನೆಯ ಸಂಜ್ಞಾಧಿಕಾರದಲ್ಲಿ ಅಳತೆಗಳನ್ನೂ, ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳನ್ನೂ ಕೊಟ್ಟಿದ್ದಾರೆ. ತೀರ್ಥಂಕರರ ಸಂಖ್ಯೆಗೆ ಇದು ಸರಿಹೊಂದುವುದನ್ನು ಕಂಡು ಮನಸ್ಸು ಹಿಗ್ಗುತ್ತದೆ. ಅದೇ ಉದ್ದೇಶವಿತ್ತೆಂದು ಹೇಳಲು ಮಾತ್ರ ಗ್ರಂಥದಲ್ಲಿ ಆಧಾರವಿಲ್ಲ.

ನಮ್ಮ ವಿಷಯಕ್ಕೆ ಬೇಕಾದುದು ಭಿನ್ನರಾಶಿಗಳನ್ನು ವಿವರಿಸುವ ಕಲಾಸವರ್ಣ ಎಂಬ ಭಾಗ. ಅಲ್ಲಿ ಒಬ್ಬ ಶ್ರಾವಕನು ಜಿನಪೂಜೆಗೆಂದು ಹಣ್ಣುಗಳನ್ನು ಕೊಳ್ಳುವ ಲೆಕ್ಕವಿದೆ. ನೇರಳೆ, ನಿಂಬೆ, ಕಿತ್ತಳೆ, ತೆಂಗಿನಕಾಯಿ, ಬಾಳೆ, ಮಾವು, ದಾಳಿಂಬೆ ಎಂಬ ಏಳನ್ನು ಅವನು ಕ್ರಮವಾಗಿ ಒಂದು ಹೊನ್ನಿನ 1/2, 1/6, 1/12, 1/20, 1/30, 1/24 ಮತ್ತು 1/8 ಭಾಗಗಳನ್ನು ಕೊಟ್ಟು ಕೊಂಡನು. ಒಟ್ಟು ಎಷ್ಟು ಹೊನ್ನು ವೆಚ್ಚವಾಯಿತು ಎಂಬುದು ಪ್ರಶ್ನೆ.

ಛೇದಗಳು ಬೇರೆ ಬೇರೆಯಾಗಿರುವಾಗ ಭಾಗಗಳನ್ನು ಕೂಡಿಸಲಾಗದು. ಎಲ್ಲಕ್ಕೂ ಒಂದೇ ಛೇದವನ್ನು ತರಬೇಕು. ಛೇದಗಳನ್ನೆಲ್ಲ ಒಂದಕ್ಕೊಂದು ಗುಣಿಸುವುದು ಬಲ್ಲವರೆಲ್ಲ ಬಲ್ಲ ದಾರಿ. ಆ ದಾರಿಯಲ್ಲಿ ಹೋದರೆ ಈ ಏಳು ಛೇದಗಳ ಗುಣಲಬ್ಧವು 1,65,88,800 ಆಗುತ್ತದೆ. ಏಳು ಬಗೆಯ ಹಣ್ಣಿನ ಬೆಲೆಗಾಗಿ ಒಂದು ಹೊನ್ನನ್ನು ಒಂದೂವರೆ ಕೋಟಿಗೂ ಹೆಚ್ಚು ಚೂರು ಮಾಡಿದಂತಾಯಿತು! ಉತ್ತರ ಬರುತ್ತದೆ, ಆದರೆ ಹಲಗೆ ಸಾಲದು, ಹೊತ್ತೂ ಸಾಲದು. ಇಲ್ಲಿ ಆಚಾರ್ಯರು ಹೊಸ ಮಾರ್ಗವನ್ನು ಹೇಳುತ್ತಾರೆ. ಛೇದಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನಗಳನ್ನು ತೆಗೆಯುತ್ತಾ ಹೋಗಬೇಕು. ತೆಗೆದ ಅಪವರ್ತನಗಳನ್ನೂ ಕೊನೆಗೆ ಉಳಿದ ಲಬ್ಧಗಳನ್ನೂ ಗುಣಿಸಿದರೆ ಬರುವುದೇ ನಿರುದ್ಧ. ಇಂದಿನ ಶಾಲೆಯ ಮಕ್ಕಳು ಲಘುತಮ ಸಾಮಾನ್ಯ ಅಪವರ್ತ್ಯ, ಲ.ಸಾ.ಅ. ಎಂದು ಕಲಿಯುವುದು ಇದನ್ನೇ. ಭಾರತೀಯ ಗಣಿತಕಾರರಲ್ಲಿ ಇದನ್ನು ನಿಯಮವಾಗಿ ಮೊದಲು ಹೇಳಿದವರು ಮಹಾವೀರಾಚಾರ್ಯರೆಂದು ಗಣಿತದ ಇತಿಹಾಸವನ್ನು ಬರೆದವರು ಒಪ್ಪಿದ್ದಾರೆ.

ಹಣ್ಣಿನ ಲೆಕ್ಕಕ್ಕೆ ಈ ನಿಯಮವನ್ನು ಹಚ್ಚಿ ನೋಡೋಣ. ಛೇದಗಳು 2, 6, 12, 20, 30, 24, 8. ಎಲ್ಲವನ್ನೂ 2ರಿಂದ ಭಾಗಿಸಿದರೆ 1, 3, 6, 10, 15, 12, 4 ಉಳಿಯುತ್ತವೆ. ಭಾಗವಾಗುವವುಗಳನ್ನು ಮತ್ತೆ 2ರಿಂದ ಭಾಗಿಸಿದರೆ 1, 3, 3, 5, 15, 6, 2. ಇನ್ನೊಮ್ಮೆ 2ರಿಂದ ಭಾಗಿಸಿದರೆ 1, 3, 3, 5, 15, 3, 1. ಅನಂತರ 3ರಿಂದ ಭಾಗಿಸಿದರೆ ಎರಡು 5ಗಳು ಮಾತ್ರ ಉಳಿದು ಮಿಕ್ಕವು 1 ಆಗುತ್ತವೆ. 5ರಿಂದ ಭಾಗಿಸಿದರೆ ಎಲ್ಲವೂ 1. ತೆಗೆದ ಅಪವರ್ತನಗಳು 2, 2, 2, 3, 5. ಅವುಗಳ ಗುಣಲಬ್ಧ 120. ಒಂದು ಹೊನ್ನನ್ನು 120 ಭಾಗ ಮಾಡಿದರೆ ಸಾಕು. ಹಣ್ಣುಗಳಿಗೆ ಕೊಟ್ಟದ್ದು ಕ್ರಮವಾಗಿ 60, 20, 10, 6, 4, 5, 15 ಭಾಗಗಳು. ಕೂಡಿಸಿದರೆ ಸರಿಯಾಗಿ 120. ಶ್ರಾವಕನು ಒಂದು ಇಡೀ ಹೊನ್ನನ್ನು ಪೂಜೆಗೆ ಸಲ್ಲಿಸಿದ್ದಾನೆ, ಒಂದು ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ವಿದ್ಯಾರ್ಥಿಯು ಉತ್ತರವನ್ನು ಕಂಡು ಸಂತೋಷಪಡಲೆಂದೇ ಆಚಾರ್ಯರು ಅಂಕಿಗಳನ್ನು ಹೀಗೆ ಆರಿಸಿದ್ದಾರೆಂದು ನನಗೆ ತೋರುತ್ತದೆ. ಅವರು ದಯಾಳುವಾದ ಉಪಾಧ್ಯಾಯರಾಗಿದ್ದಿರಬೇಕು.

ಇನ್ನು ಪರಶುರಾಂಪುರದ ಮನೆಗೆ ಮರಳಬಹುದು. ಮೊಮ್ಮಗನ ಪಾರಣೆ 2ರ ಅಪವರ್ತ್ಯಗಳಲ್ಲಿ, ಸೊಸೆಯದು 3ರ ಅಪವರ್ತ್ಯಗಳಲ್ಲಿ, ಅಜ್ಜಿಯದು 4ರ ಅಪವರ್ತ್ಯಗಳಲ್ಲಿ ಬರುತ್ತದೆ. 2 ಮತ್ತು 4ರಲ್ಲಿ ಸಾಮಾನ್ಯವಾದ 2 ಅನ್ನು ತೆಗೆದರೆ 1, 3, 2 ಉಳಿಯುತ್ತವೆ. ನಿರುದ್ಧ 2×1×3×2, ಅಂದರೆ 12. ಮಗನು ಸಾಮಾನ್ಯವಾದ ಎರಡನ್ನು ಎರಡು ಸಲ ಗುಣಿಸಿದ್ದೇ 24 ಬರಲು ಕಾರಣ. ನಾಲ್ಕು ಉಪವಾಸ, ಒಂದು ಪಾರಣೆ ಎಂಬ ಕ್ರಮವನ್ನು ಹಿಡಿದ ಇನ್ನೊಬ್ಬರು ಆ ಮನೆಯಲ್ಲಿದ್ದಿದ್ದರೆ ನಿರುದ್ಧವು 60ಕ್ಕೆ ಏರುತ್ತಿತ್ತು. ಏಕೆಂದರೆ 5 ಎಂಬುದು 2, 3, 4ರಲ್ಲಿ ಯಾವುದರೊಡನೆಯೂ ಸಾಮಾನ್ಯ ಅಪವರ್ತನವನ್ನು ಹೊಂದಿಲ್ಲ. ಅಂತಹ ಸಂಕಲ್ಪವನ್ನು ವೃದ್ಧರು ಮಾಡಬಾರದೆಂದು ತಿಳಿಯಲು ಅರವತ್ತು ದಿನ ಕಾಯಬೇಕಾಗಿಲ್ಲ. ಸಂಕಲ್ಪಕ್ಕೆ ಮೊದಲು ನಾಲ್ಕು ಅಂಕಿಗಳನ್ನು ಬರೆದರಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ದಿನಗಳನ್ನು ಎಣಿಸಿ ಮಾಡುವ ಉಪವಾಸಗಳಿಗೆ ಈ ಲೆಕ್ಕ ಸಲ್ಲುತ್ತದೆ. ತಿಥಿ ನಕ್ಷತ್ರಗಳ ನೋಂಪಿಗಳಿಗೆ ಸಲ್ಲದು. ರೋಹಿಣಿ ವ್ರತವನ್ನೂ ಅಷ್ಟಮಿಯ ಉಪವಾಸವನ್ನೂ ಹಿಡಿದವರು, ರೋಹಿಣಿಯು 27 ದಿನಗಳಿಗೊಮ್ಮೆ, ಅಷ್ಟಮಿಯು 15 ದಿನಗಳಿಗೊಮ್ಮೆ ಬರುತ್ತದೆಂದುಕೊಂಡು, 27 ಮತ್ತು 15ರ ನಿರುದ್ಧವಾದ 135ನೆಯ ದಿನ ಎರಡೂ ಕೂಡುವುವೆಂದು ಭಾವಿಸಿದರೆ ಮೋಸಹೋಗುತ್ತಾರೆ. ಚಂದ್ರನು ನಕ್ಷತ್ರಮಂಡಲವನ್ನು ಒಮ್ಮೆ ಸುತ್ತಲು 27 ದಿನಗಳ ಮೇಲೆ ಸುಮಾರು ಎಂಟು ಗಂಟೆ ಹಿಡಿಯುತ್ತದೆ. ಹದಿನೈದು ತಿಥಿಗಳು ಸರಾಸರಿಯಲ್ಲಿ ಹದಿನೈದು ದಿನಗಳಿಗಿಂತ ಸ್ವಲ್ಪ ಕಡಿಮೆ. ಐದು ರೋಹಿಣಿಗಳು ಕಳೆಯುವಾಗ ಸುಮಾರು 136 ದಿನ 14 ಗಂಟೆಗಳಾದರೆ, ಒಂಬತ್ತು ಅಷ್ಟಮಿಗಳು 133 ದಿನಗಳಿಗೇ ಮುಗಿದಿರುತ್ತವೆ. ನಿರುದ್ಧವು ಪೂರ್ಣಸಂಖ್ಯೆಗಳ ಶಾಸ್ತ್ರ. ತಿಥಿಗೆ ಪಂಚಾಂಗವೇ ಪ್ರಮಾಣ.

ಅಪವರ್ತನಗಳನ್ನು ತೆಗೆಯುತ್ತಾ ಹೋದಾಗ ಕೊನೆಗೆ ಒಡೆಯಲಾಗದ ಸಂಖ್ಯೆಗಳು ಉಳಿಯುತ್ತವೆ. ತನ್ನಿಂದಲೂ ಒಂದರಿಂದಲೂ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಇವುಗಳಿಗೆ ಇಂದು ಅವಿಭಾಜ್ಯ ಸಂಖ್ಯೆಗಳೆಂದು ಹೆಸರು. ಇವುಗಳಿಗೆಂದು ಪ್ರತ್ಯೇಕ ಅಧಿಕಾರವನ್ನು ಆಚಾರ್ಯರು ಬರೆದಿಲ್ಲ. ಸಂಖ್ಯೆಯ ಭಾಜಕಗಳನ್ನು ಹುಡುಕುವ ಕ್ರಮವನ್ನು ಒಂದು ಅಧ್ಯಾಯವಾಗಿಯೇ ವಿವರಿಸಿದ್ದು ನಾರಾಯಣ ಪಂಡಿತನ ಗಣಿತಕೌಮುದಿ, 1356ರಲ್ಲಿ. ಆದರೆ ಸಂಖ್ಯೆಯ ಒಳಗಣ ರಚನೆಯು ಆಚಾರ್ಯರಿಗೆ ಎಷ್ಟು ಪರಿಚಿತವಾಗಿತ್ತೆಂಬುದು ಅವರ ಕಂಠಾಭರಣ ಲೆಕ್ಕಗಳಿಂದ ತಿಳಿಯುತ್ತದೆ. ಗುಣಾಕಾರದ ಉದಾಹರಣೆಗಳಾಗಿ ಅವರು ಕೊಟ್ಟ ಕೆಲವು ಸಂಖ್ಯೆಗಳ ಗುಣಲಬ್ಧವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಕೊರಳ ಹಾರದಂತೆ. 139 ಅನ್ನು 109ರಿಂದ ಗುಣಿಸಿದರೆ 15151. 152207 ಅನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳ ಸರ. 27994681 ಅನ್ನು 441ರಿಂದ ಗುಣಿಸಿದರೆ 12345654321.

ಈ ಹಾರವನ್ನು ಕಟ್ಟುವುದು ಸುಲಭವಲ್ಲ. ಮೊದಲು ಹಾರವನ್ನು ಕಲ್ಪಿಸಿ ಅದನ್ನು ಒಡೆಯಬೇಕು. ಎಂಟು ಒಂದುಗಳ ಸಂಖ್ಯೆಯನ್ನು ಪೂರ್ತಿಯಾಗಿ ಒಡೆದರೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳು ಸಿಗುತ್ತವೆ. ಆಚಾರ್ಯರು 73 ಅನ್ನು ಬೇರೆ ಇಟ್ಟು ಮಿಕ್ಕ ಮೂರರ ಗುಣಲಬ್ಧವಾದ 152207 ಅನ್ನು ವಿದ್ಯಾರ್ಥಿಯ ಕೈಗೆ ಕೊಟ್ಟಿದ್ದಾರೆ. 15151 ಇನ್ನೂ ಕುತೂಹಲಕರ. 139, 109 ಎರಡೂ ಅವಿಭಾಜ್ಯಗಳಾದುದರಿಂದ, ಗುಣಲಬ್ಧವನ್ನು ಮಾತ್ರ ಕೊಟ್ಟು ಒಡೆಯೆಂದರೆ 2, 3, 5, 7 ಎಂದು ಒಂದೊಂದನ್ನೇ ಪರೀಕ್ಷಿಸುತ್ತಾ 109ರವರೆಗೂ ನಡೆಯಬೇಕು. ಗುಣಿಸುವುದು ಒಂದು ನಿಮಿಷದ ಕೆಲಸ, ಒಡೆಯುವುದು ಒಂದು ಮಧ್ಯಾಹ್ನದ ಕೆಲಸ.

ಒಡೆಯುವ ವಿಷಯದಲ್ಲಿ ನಮ್ಮ ಸೀಮೆಯ ಒಂದು ಸಂಖ್ಯೆಯನ್ನು ಇಲ್ಲಿಯೇ ನೆನೆಯಬೇಕು. ಪರಶುರಾಂಪುರಕ್ಕೆ ಉತ್ತರದಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಕೆತ್ತಿಸಿದ ಧರ್ಮಶಾಸನವಿದೆ. ಅದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಆ ಶಾಸನದಲ್ಲಿ 256 ಎಂಬ ಅಂಕಿಯಿದೆ. ಸಂಚಾರದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಅದೆಂದು ಹಲವು ವಿದ್ವಾಂಸರ ಅಭಿಪ್ರಾಯ. 256 ಅನ್ನು ಅರ್ಧ ಮಾಡುತ್ತಾ ಹೋದರೆ 128, 64, 32, 16, 8, 4, 2, 1 ಎಂದು ಎಂಟು ಸಲಕ್ಕೆ ಒಂದಕ್ಕೆ ಬಂದು ನಿಲ್ಲುತ್ತದೆ. 2 ಅಲ್ಲದೆ ಬೇರೆ ಅವಿಭಾಜ್ಯ ಅಪವರ್ತನವೇ ಅದಕ್ಕಿಲ್ಲ. ಹೀಗೆ ಅರ್ಧಿಸುವ ಸಲಗಳ ಎಣಿಕೆಗೆ ವೀರಸೇನಾಚಾರ್ಯರ ಧವಲೆಯಲ್ಲಿ ಅರ್ಧಚ್ಛೇದವೆಂಬ ಹೆಸರಿದೆ. 256ರ ಅರ್ಧಚ್ಛೇದ 8.

ವ್ರತಗಳ ಸಂಖ್ಯೆಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ಪುನ್ನಾಟ ಸಂಘದ ಜಿನಸೇನರು 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಸರ್ವತೋಭದ್ರ, ಸಿಂಹನಿಷ್ಕ್ರೀಡಿತ ಮೊದಲಾದ ಕಠಿಣ ವ್ರತಗಳ ವಿಧಿಯಿದೆ. ಸರ್ವತೋಭದ್ರದಲ್ಲಿ 75 ಉಪವಾಸ, 25 ಪಾರಣೆ, ಒಟ್ಟು 100 ದಿನ. ಐದು ಸಾಲು, ಸಾಲಿಗೆ 15 ಉಪವಾಸ, 5 ಪಾರಣೆ. ಪ್ರತಿ ಸಾಲೂ ಇಪ್ಪತ್ತು ದಿನಗಳಿಗೆ ಸರಿಯಾಗಿ ಮುಗಿಯುತ್ತದೆ. ಸಿಂಹವು ನಡೆಯುತ್ತಾ ಹಿಂದಿರುಗಿ ನೋಡುವಂತೆ, ಸಿಂಹನಿಷ್ಕ್ರೀಡಿತದಲ್ಲಿ ಉಪವಾಸಗಳು 1, 2, 1, 3, 2, 4, 3 ಎಂದು ಮುಂದೆ ಹೋಗಿ ಹಿಂದೆ ಸರಿಯುತ್ತಾ ಏರಿ, ಅದೇ ಕ್ರಮದಲ್ಲಿ ಇಳಿಯುತ್ತವೆ. ಜಘನ್ಯ ಕ್ರಮದಲ್ಲಿ 60 ಉಪವಾಸ, 20 ಪಾರಣೆ. ಮಧ್ಯಮದಲ್ಲಿ 153 ಮತ್ತು 33. ಉತ್ಕೃಷ್ಟದಲ್ಲಿ 496 ಮತ್ತು 61, ಒಟ್ಟು 557 ದಿನ.

ಈ 557 ಒಡೆಯುತ್ತದೆಯೇ? ಬೆಸಸಂಖ್ಯೆಯಾದುದರಿಂದ 2ರಿಂದ ಇಲ್ಲ. ಅಂಕಿಗಳ ಮೊತ್ತ 17 ಆದುದರಿಂದ 3ರಿಂದ ಇಲ್ಲ. ಕೊನೆಯ ಅಂಕಿ 7 ಆದುದರಿಂದ 5ರಿಂದಲೂ ಇಲ್ಲ. 7ರಿಂದ ಭಾಗಿಸಿದರೆ ಶೇಷ 4, 11ರಿಂದ 7, 13ರಿಂದ 11, 17ರಿಂದ 13, 19ರಿಂದ 6, 23ರಿಂದ 5. ಮುಂದಿನ ಅವಿಭಾಜ್ಯ 29. ಅದರ ವರ್ಗ 841, 557ಕ್ಕಿಂತ ಹೆಚ್ಚು. ಸಂಖ್ಯೆಯೊಂದು ಒಡೆಯುವುದಾದರೆ ಅದರ ಒಂದು ಅಪವರ್ತನವು ವರ್ಗಮೂಲವನ್ನು ಮೀರದೆ ಇರಲೇಬೇಕಾದುದರಿಂದ ಇನ್ನು ಹುಡುಕುವ ಅಗತ್ಯವಿಲ್ಲ. 557 ಅವಿಭಾಜ್ಯ. ಸರ್ವತೋಭದ್ರವನ್ನು ಇಪ್ಪತ್ತು ಇಪ್ಪತ್ತು ದಿನಗಳ ಐದು ಕಂತುಗಳೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಉತ್ಕೃಷ್ಟ ಸಿಂಹನಿಷ್ಕ್ರೀಡಿತಕ್ಕೆ ಸಮಭಾಗದ ಕಂತುಗಳೇ ಇಲ್ಲ. ಅದನ್ನು ಕೈಗೊಂಡ ಮಹಾತ್ಮರ ಧೈರ್ಯವನ್ನು ಅಂಕಗಣಿತವೂ ಈ ಬಗೆಯಲ್ಲಿ ತಿಳಿಸುತ್ತದೆ. ಅದರ ಉಪವಾಸಗಳ ಸಂಖ್ಯೆಯಾದ 496ರ ಮಹಿಮೆ ಬೇರೊಂದು ಬಗೆಯದು: ತನ್ನನ್ನು ಬಿಟ್ಟು ಮಿಕ್ಕ ಭಾಜಕಗಳಾದ 1, 2, 4, 8, 16, 31, 62, 124, 248 ಇವುಗಳನ್ನು ಕೂಡಿಸಿದರೆ 496ವೇ ಬರುತ್ತದೆ. ಅಂತಹವನ್ನು ಪರಿಪೂರ್ಣ ಸಂಖ್ಯೆಗಳೆನ್ನುತ್ತಾರೆ. ಹತ್ತು ಸಾವಿರದೊಳಗೆ ಅಂತಹವು ನಾಲ್ಕೇ ಇವೆ.

ಆಚಾರ್ಯರನ್ನು ಸರ್ವಜ್ಞರೆಂದು ಹೇಳಹೊರಡುವುದು ಅವರಿಗೇ ಒಪ್ಪಿಗೆಯಾಗಲಾರದು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಅವರು ಬರೆದರು, ಅದು ಸರಿಯಲ್ಲ. ಅದೇ ಭಾಗದಲ್ಲಿ, ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಕಾರಣಸಹಿತವಾಗಿ ಹೇಳಿದರು. ಅಷ್ಟು ಸ್ಪಷ್ಟವಾಗಿ ಹಿಂದಿನವರು ಹೇಳಿರಲಿಲ್ಲ.

ಅವರ ದೇಹಾಂತ್ಯದ ವರ್ಷ ದಾಖಲಾಗಿಲ್ಲ. ಗ್ರಂಥವಾದರೋ ದಕ್ಷಿಣದಲ್ಲೆಲ್ಲ ಹರಡಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಕೃತಿಗಳಿಂದ ಗಣಿತವನ್ನು ಕನ್ನಡದಲ್ಲಿಯೇ ಬರೆದನು. ತರುವಾಯ ಬಹುಕಾಲ ಗಣಿತಸಾರಸಂಗ್ರಹವು ತಾಳೆಯ ಓಲೆಗಳಲ್ಲಿ ಉಳಿಯಿತು. ಮದರಾಸಿನ ಪ್ರೊ. ಎಂ. ರಂಗಾಚಾರ್ಯರು, ಮೂಡಬಿದಿರೆಯಲ್ಲಿ ದೊರೆತ ಪ್ರತಿಯೂ ಸೇರಿದಂತೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅದು ಅಚ್ಚಾಗುವ ಮೊದಲೇ, 1908ರಲ್ಲಿ, ರೋಮ್ ನಗರದಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಅವರು ಈ ಗ್ರಂಥವನ್ನು ಪರಿಚಯಿಸಿದ್ದರು. ಸೊಲ್ಲಾಪುರದಿಂದ 1963ರಲ್ಲಿ ಹಿಂದಿ ಅನುವಾದವೂ, ಹೊಂಬುಜದಿಂದ 2000ದಲ್ಲಿ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದವು.

ಪರಶುರಾಂಪುರದ ಅಜ್ಜಿಯ ವ್ರತವು ಹನ್ನೆರಡನೆಯ ದಿನ ನಿರ್ವಿಘ್ನವಾಗಿ ಸಮಾಪ್ತವಾಯಿತು. ಪಾರಣೆಯಾದ ಸಂಜೆ ಮೊಮ್ಮಗನು ಹಣ್ಣಿನ ಲೆಕ್ಕವನ್ನು ಓದಿ ಹೇಳಿದನು. ಆಕೆ ಡಬ್ಬಿಯಿಂದ 120 ಹುಣಸೆಯ ಬೀಜಗಳನ್ನು ಎಣಿಸಿ ತೆಗೆದು ಏಳು ಗುಡ್ಡೆಗಳನ್ನು ಮಾಡಿದರು. ಅರವತ್ತು, ಇಪ್ಪತ್ತು, ಹತ್ತು, ಆರು, ನಾಲ್ಕು, ಐದು. ಕೊನೆಗೆ ಕೈಯಲ್ಲಿ ಉಳಿದಿದ್ದ ಹದಿನೈದು ಬೀಜಗಳು ದಾಳಿಂಬೆಗೆ ಸಂದವು.